ಮುಂಗೈ ಮಾತ್ರ ನೋಡುವ ಬಳೆಗಾರ್ತಿ

ನನ್ನ ಅಕ್ಷರ ಸೊಟ್ಟಗಿವೆ, ಪದಗಳೂ ಸಾಲವು, ಓದುವವರು ಮನ್ನಿಸಬೇಕು. ಐದನೆಯ ಇಯತ್ತೆಗೇ ಶಾಲೆ ಬಿಟ್ಟವಳು ನಾನು. ಮಾಸ್ತರರು "ನನ್ನ ಕಡೆ ನೋಡಿ ಹೇಳು" ಎಂದರೆ ಕಿವಿ ಕಾದು ನೆಲ ನೋಡುತ್ತಿದ್ದೆ. ಶಾಲೆ ಮರಾಠಿಯದು; ಕನ್ನಡ ಬರೆಯಲು ಕಲಿಸಿದವರು ಮಠದ ಅಯ್ಯನವರು.

ನಾನು ಬರೆಯುತ್ತಿರುವುದು ನನ್ನ ಸೋದರತ್ತೆ ಗುರುಶಾಂತವ್ವನ ಬಗ್ಗೆ. ಅವಳಿಗೂ ಇದೇ ಬೇನೆ. ಯಾರ ಕಣ್ಣಿಗಾದರೂ ಕಣ್ಣು ತಾಗಿದರೆ ಅವಳ ಎದೆ ಬಡಿದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಬೆರಳು ನಡುಗುತ್ತವೆ. ಬೆರಳು ನಡುಗಿದರೆ ಬಳೆ ಉಳಿಯುವುದಿಲ್ಲ. ಅದಕ್ಕೇ ಅವಳು ಮುಂಗೈ ಮಾತ್ರ ನೋಡುತ್ತಾಳೆ. ಸಾಂಗಲಿ, ಮಿರಜದ ಹೆಂಗಸರನ್ನೆಲ್ಲ ಮುಂಗೈಯಿಂದಲೇ ಗುರುತಿಸುತ್ತಾಳೆ. ನಮ್ಮಿಬ್ಬರ ಹೊಟ್ಟೆ ನಡೆಯುವುದು ಅವಳು ಹೆಗಲಿಗೆ ಹಾಕುವ ಬಳೆಗಳ ಮಲಾರದಿಂದ.

ಕಳೆದ ಮಾಘದಲ್ಲಿ ಮಿರಜದ ಒಂದು ವಾಡೆಯಲ್ಲಿ ಮದುವೆಯಿತ್ತು. ಬೆಳಗಿನ ಮಂಜಿನಲ್ಲಿ ನಮ್ಮ ಸಾಂಗಲಿ ಸಂಸ್ಥಾನದಿಂದ ಮಿರಜ ಸಂಸ್ಥಾನಕ್ಕೆ ನಡೆದುಹೋದೆವು. ಹಿಂದೆ ಮುಂದೆ ದಾರಿಯೇ ಕಾಣದೆ, ಬಳೆಗಳ ಸದ್ದು ನಮ್ಮನ್ನು ಕರೆದೊಯ್ದಂತಿತ್ತು. ಪಡಸಾಲೆಯಲ್ಲಿ ಹೆಂಗಸರು ಸಾಲಾಗಿ ಕುಳಿತು ಕೈ ಚಾಚಿದರು. ಬಿಸಿಲು ಮಲಾರವನ್ನು ಹಾದು ಗೋಡೆಯ ಮೇಲೆ ಹಸಿರಾಗಿ, ಹೊಳೆಯ ತಳದ ಬೆಳಕಿನಂತೆ ಆಡುತ್ತಿತ್ತು. ಕೊನೆಗೆ ಕಂಬದ ಮರೆಯಿಂದ ಒಂದು ಬರಿಗೈ ಬಂತು. ಹಳೆಯ ಬಳೆ ಒಡೆದಿರಬೇಕೆಂದು ಅತ್ತೆ ಆ ಕೈಗೂ ಹಸಿರು ಬಳೆ ಇಟ್ಟಳು.

"ಏ ಗುರುಶಾಂತವ್ವ! ನಿನಗ ಕಣ್ಣ ಅದಾವೊ ಇಲ್ಲೊ?" ಮನೆಯ ಹಿರಿಯಳು ಸುನಂದಾಬಾಯಿ ಕೂಗಿದಳು. "ಹಣಿ ನೋಡಬಾರದ? ನಮ್ಮ ತಂಗೆವ್ವನ ಗಂಡ ತೀರಿ ಇನ್ನಾ ವರ್ಷ ಆಗಿಲ್ಲ!"

"ನೆಲಾ ನೋಡಕೋತ ಬಳಿ ಇಡಾಕಿ, ನಾಳೆ ಕಂಬಕ್ಕೂ ಇಡತಾಳ ಬಿಡ್ರಿ," ಎಂದಳು ಒಬ್ಬಳು. ಎಲ್ಲರೂ ನಕ್ಕರು.

ಸುನಂದಾಬಾಯಿ ನಗಲಿಲ್ಲ. "ಒಡದ ಹೋಗು ಅವನ್ನ. ಇಲ್ಲಾಂದ್ರ ಈ ಪೇಟ್ಯಾಗ ಒಂದ ಮನಿ ಬಾಗಿಲಾನೂ ನಿನಗ ತೆರಿಯೂದಿಲ್ಲ."

ಅತ್ತೆ ಆ ಕೈ ಹಿಡಿದಳು. ಕೈ ಅವಳ ಬೆರಳನ್ನು ಬಿಗಿಯಾಗಿ ಹಿಡಿದುಕೊಂಡಿತು. ಆಗ ಅತ್ತೆ ತಲೆ ಎತ್ತಿದಳು. ಅವಳ ಕತ್ತು ಕೆಂಪಾಯಿತು, ಕಿವಿಯ ಹಿಂದಿನಿಂದ ಬೆವರು ಇಳಿಯಿತು. ಆದರೂ ತಂಗೆವ್ವನ ಕಣ್ಣನ್ನೇ ನೋಡುತ್ತ ಕುಳಿತಳು. ಗೋಡೆಯ ಹಸಿರು ಮೆಲ್ಲಗೆ ಅಲುಗಾಡಿ ನಿಂತಿತು.

"ನನ್ನ ಕೈಲೆ ಆಗೂದಿಲ್ರಿ ಬಾಯಿ," ಎಂದಳು ಅತ್ತೆ. "ಇಟ್ಟಾಕಿ ನಾನು. ನಾ ಒಡಿಯೂದಿಲ್ಲ."

ಮಲಾರ ಎತ್ತಿಕೊಂಡು ಹೊರಬಂದೆವು. ದಾರಿಯಲ್ಲಿ, ಆ ಕಣ್ಣಲ್ಲಿ ಏನು ಕಂಡಿತು ಎಂದು ಕೇಳಿದೆ.

"ಅಂಜಿತ್ತವ್ವಾ ಕೂಸು," ಎಂದಳು. "ನನಗಿಂತಾ ಹೆಚ್ಚ ಅಂಜಿತ್ತು."

ತಂಗೆವ್ವನ ಬಳೆ ಉಳಿದವೋ ಇಲ್ಲವೋ ತಿಳಿಯದು. ಮಿರಜದ ಬಾಗಿಲುಗಳಂತೂ ಮುಚ್ಚಿದವು. ಸುದ್ದಿ ಸಾಂಗಲಿಗೂ ಬಂತು. ಮೂರು ತಿಂಗಳಿಂದ ಮಲಾರ ಗೂಟದಲ್ಲೇ ಇದೆ. ಗಾಳಿ ಬಂದರೆ ನಿದ್ದೆಯಲ್ಲಿ ಮಾತಾಡಿದಂತೆ ಕಿಣಿಕಿಣಿ ಎನ್ನುತ್ತದೆ. ಅತ್ತೆಗೆ ಈಗ ಹೊಸ ಬಾಗಿಲಲ್ಲಿ ನಿಂತು ಕರೆಯಲು ದನಿಯೇ ಬರುವುದಿಲ್ಲ.

ನಾಳೆ ಬೆಳಿಗ್ಗೆ ಮಲಾರವನ್ನು ನಾನು ಹೊತ್ತುಕೊಂಡು ಅವಳ ಜೊತೆ, ಆ ಸುದ್ದಿ ಇನ್ನೂ ಮುಟ್ಟದ ಹರಿಪುರ ಹಳ್ಳಿಗೆ ಹೋಗುತ್ತೇನೆ. ಪ್ರತಿ ಬಾಗಿಲಲ್ಲೂ ಕಣ್ಣೆತ್ತಿ, "ಬಳಿ ಬೇಕೇನ್ರಿ?" ಎಂದು ನಾನೇ ಕೇಳುತ್ತೇನೆ.