ಹೌಸ್ ಓನರ್ ಆಂಟಿಯ ಪಾತ್ರ

ಮೂವತ್ತನಾಲ್ಕು ವರ್ಷ ನಾನು ಕಾನ್ವೆಂಟ್ ಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟೆ. ಪ್ರತಿ ಜೂನಿನಲ್ಲೂ ಬೋರ್ಡಿನ ಮೇಲೆ ಒಂದು ಗುಡ್ಡ ಬರೆಯುತ್ತಿದ್ದೆ. ಎಡಗಡೆಯ ತಪ್ಪಲು ಎಕ್ಸ್‌ಪೊಸಿಷನ್, ಏರುದಾರಿ ರೈಸಿಂಗ್ ಆಕ್ಷನ್, ನೆತ್ತಿ ಕ್ಲೈಮ್ಯಾಕ್ಸ್, ಇಳಿದು ನಿಂತ ಜಾಗ ರೆಸಲ್ಯೂಷನ್. "ಗರ್ಲ್ಸ್, ಪ್ಲಾಟ್ ಅಂದರೆ ಇಷ್ಟೇ, ಹತ್ತೋದು ಇಳಿಯೋದು" ಅನ್ನುತ್ತಿದ್ದೆ. ನನಗೆ ಮಾತ್ರ ಹತ್ತುವ ಪ್ರಸಂಗವೇ ಬರಲಿಲ್ಲ. ಮದುವೆಯ ಮಾತು ಎರಡು ಸಲ ಬಂದು ಎರಡು ಸಲ ಹೋಯಿತು. ರಿಟೈರ್ ಆಗುವ ಹೊತ್ತಿಗೆ ಕೊಯಮತ್ತೂರು ಪಕ್ಕದ ಸೂಲೂರಿನಲ್ಲಿ ಒಂದು ಸಣ್ಣ ಮನೆ, ಮೇಲೊಂದು ಬಾಡಿಗೆ ಪೋರ್ಷನ್, ಬಾಗಿಲಲ್ಲಿ ಒಂದು ನುಗ್ಗೆಮರ. ಅಷ್ಟೇ.

ಎರಡು ಸಾವಿರದ ಐದೋ ಆರೋ ಇರಬೇಕು, ಮೇಲಿನ ಪೋರ್ಷನ್ನಿಗೆ ಒಂದು ಗಂಡ ಹೆಂಡತಿ ಬಂದರು. ಹುಡುಗ ಇಂಜಿನಿಯರ್, ಮಿಲ್ ಮೆಷಿನರಿ ಮಾಡುವ ಕಂಪನಿಯಲ್ಲಿ ಕೆಲಸ. ಹುಡುಗಿ ಕೊಯಮತ್ತೂರಿನ ಒಂದು ಆಫೀಸಿಗೆ ಹೋಗುತ್ತಿದ್ದಳು. ಇಬ್ಬರೂ ಕರ್ನಾಟಕದವರು. ಅವನು ಕ್ರಿಶ್ಚಿಯನ್, ಅವಳು ತುಮಕೂರು ಕಡೆಯ ಹಿಂದೂ ಮನೆಯ ಹುಡುಗಿ; ರಿಜಿಸ್ಟರ್ ಮದುವೆ. ಅವನಿಗೆ ಹೆತ್ತವರಿಲ್ಲ. ಅವಳ ಅಪ್ಪ "ಈ ಹೊಸಲು ತುಳಿಯಬೇಡ" ಅಂದಿದ್ದರಂತೆ, ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಏನೂ ಅನ್ನಲಿಲ್ಲವಂತೆ. ಅಪ್ಪನ ಮಾತಿಗಿಂತ ಆ ಸುಮ್ಮನಿರುವಿಕೆಯೇ ಅವಳಿಗೆ ಜಾಸ್ತಿ ಚುಚ್ಚಿತ್ತು.

ನಾನು ಬಾಯಿ ಬಿಟ್ಟಾಗ ಅವಳು ನಕ್ಕಳು. "ಆಂಟಿ, ಇದು ಯಾವೂರ ಕನ್ನಡ? ಅರ್ಧ ತಮಿಳು!"

"ನಿನ್ನ ಊರಿನೋರು ಇಲ್ಲಿಗೆ ಬರೋಕೆ ಎಷ್ಟೋ ತಲೆಮಾರು ಮುಂಚೆ ನಮ್ಮೋರು ಬಂದು ಹೊಲ ಮಾಡಿದ್ದಾರೆ ಕಣಮ್ಮ. ರೆಸ್ಪೆಕ್ಟ್ ಕೊಡು" ಅಂದೆ.

ನಮ್ಮ ಮನೆಯಲ್ಲಿ ಕನ್ನಡ ಇದ್ದದ್ದು ನಾಲಗೆಯ ಮೇಲೆ ಮಾತ್ರ. ಅಕ್ಷರ ನನಗೆ ಬಂದದ್ದು ಅರವತ್ತು ದಾಟಿದ ಮೇಲೆ, ಆ ಹುಡುಗಿಯಿಂದ. ಅದು ಹೇಗೆಂದರೆ, ಬಂದ ಆರನೇ ತಿಂಗಳಿಗೆ ಅವಳು ಬಸುರಿಯಾದಳು. ಪ್ಲಾನ್ ಇರಲಿಲ್ಲ. ಗಂಡ ಹೆಂಡತಿ ಇಬ್ಬರೂ ಎಕ್ಸಾಮ್ ಫೇಲಾದವರ ಹಾಗೆ ಮುಖ ಮಾಡಿಕೊಂಡು ನನ್ನ ಹಾಲಿನಲ್ಲಿ ಕೂತಿದ್ದರು. ಡಾಕ್ಟರಮ್ಮ ಬೆಡ್ ರೆಸ್ಟ್ ಅಂದರು, ಮೆಟ್ಟಿಲು ಹತ್ತಬಾರದು ಅಂದರು. ಅವಳ ಮಂಚ ಕೆಳಗೆ, ನನ್ನ ಹಾಲಿಗೆ ಬಂತು.

ಹಗಲೆಲ್ಲ ನಾವಿಬ್ಬರೇ. ಅವಳು ನನಗೆ ಅ ಆ ಇ ಈ ತಿದ್ದಿಸಿದಳು. ನಾನು ಬಸ್ ಸ್ಟ್ಯಾಂಡ್ ಹತ್ತಿರದ ಲೆಂಡಿಂಗ್ ಲೈಬ್ರರಿಯಿಂದ ಸಿನಿಮಾ ವಿಸಿಡಿ ತಂದೆ. ಅದರಲ್ಲೊಂದನ್ನು ಅವಳು ಮೂರು ಸಲ ನೋಡಿದಳು. ಜಗಳವಾಡುವ ಒಂದು ಜೋಡಿ, ಬೇಡದ ಹೊತ್ತಿನಲ್ಲಿ ಒಂದು ಮಗು, ಅದರ ಸುತ್ತ ನಗೆ. ನಾನು ಸುಮ್ಮನೆ ನೋಡುವವಳೇ? ರಿಮೋಟಿನಲ್ಲಿ ಪಾಜ್ ಒತ್ತಿ ಒತ್ತಿ ಪಾಠ ಮಾಡಿದೆ.

"ನೋಡು, ಬೇರೆ ರೊಮ್ಯಾಂಟಿಕ್ ಕಾಮಿಡಿಯಲ್ಲಿ ಪ್ರಶ್ನೆ ಒಂದೇ, ಇವರಿಬ್ಬರೂ ಸೇರ್ತಾರಾ? ಮಗು ಬಂದ ಕೂಡಲೇ ಪ್ರಶ್ನೆ ಉಲ್ಟಾ ಆಗತ್ತೆ. ಸೇರಿದ್ದಾಯ್ತು, ಈಗ ಇರ್ತಾರಾ? ಅದೂ ಅಲ್ಲದೆ ಬಸುರು ಅಂದರೆ ಒಂದು ಕ್ಲಾಕ್. ಡ್ಯೂ ಡೇಟ್ ಇರೋದರಿಂದ ಕಥೆ ಎಳೆಯೋಕಾಗಲ್ಲ. ಇಂಟರ್ವಲ್‌ಗೆ ಗುಟ್ಟು ರಟ್ಟಾಗಬೇಕು. ಆಮೇಲೆ ಒಂದು ಮಿಸ್‌ಅಂಡರ್‌ಸ್ಟ್ಯಾಂಡಿಂಗ್. ಯಾರೋ ಒಂದು ಕಾಗದ ಬಚ್ಚಿಡ್ತಾರೆ, ಒಂದು ಫೋನ್ ಮುಚ್ಚಿಡ್ತಾರೆ. ಕೊನೆಗೆ ಆಸ್ಪತ್ರೆ, ಮುನಿಸಿಕೊಂಡ ಅಜ್ಜಿ ತಾತ ಓಡಿ ಬರ್ತಾರೆ."

"ಅಜ್ಜಿ ತಾತ ಬರಲೇಬೇಕಾ ಆಂಟಿ?"

"ಸ್ಟ್ರಕ್ಚರ್ ಕೇಳತ್ತೆ."

ಆಸ್ಪತ್ರೆಯ ವರಾಂಡದಲ್ಲಿ ಸಿನಿಮಾದ ಅಮ್ಮ ತನ್ನ ಮಗಳ ತಲೆ ನೇವರಿಸುವ ಸೀನನ್ನು ಅವಳು ಹಿಂದೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಒಂದು ದಿನ ಕಣ್ಣೊರೆಸಿಕೊಂಡು ಇದ್ದಕ್ಕಿದ್ದಂತೆ ಕೇಳಿದಳು. "ಅಲ್ಲ ಆಂಟಿ, ಇದರಲ್ಲಿ ಆ ಹೌಸ್ ಓನರ್ ಕಥೆ ಏನಾಯ್ತು? ಸೂಪ್ ತಂದು ಕೊಡ್ತಿದ್ದಳಲ್ಲ, ಎರಡನೇ ಡಿಸ್ಕಲ್ಲಿ ಕಾಣಿಸೋದೇ ಇಲ್ಲ."

"ಮೈನರ್ ಕ್ಯಾರೆಕ್ಟರ್. ಕೆಲಸ ಮುಗೀತು, ಎಕ್ಸಿಟ್" ಅಂದೆ. ಇಬ್ಬರೂ ನಕ್ಕೆವು.

ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯ ವರಾಂಡಕ್ಕೆ ಯಾರೂ ಓಡಿ ಬರಲಿಲ್ಲ. ಬಾಣಂತನ ಅಂದರೆ ತವರುಮನೆಯವರು ಮಾಡುವುದು. ಇಲ್ಲಿ ಮಾಡಿದವಳು ಹೆರಿಗೆಯನ್ನು ಪುಸ್ತಕದಲ್ಲಿ ಮಾತ್ರ ಕಂಡವಳು. ಕಾಳುಮೆಣಸಿನ ಸಾರು, ಬೆಳ್ಳುಳ್ಳಿ, ಓಮದ ನೀರು ಎಲ್ಲ ಅವ್ವನ ಕೈ ನೆನಪಿಸಿಕೊಂಡು ಮಾಡಿದೆ. ಮಗುವಿಗೆ ನೀರು ಹಾಕಲು ಮಾತ್ರ ಧೈರ್ಯ ಬರಲಿಲ್ಲ. ಹಾಲು ಹಾಕುವ ಹೆಂಗಸೇ ಗುರು. ಬಚ್ಚಲಿನಲ್ಲಿ ನನ್ನನ್ನು ಕೂರಿಸಿ, ಕಾಲು ನೀಡಿಸಿ, ಮಗುವನ್ನು ನನ್ನ ಕಾಲುಗಳ ಮೇಲೆ ಬೋರಲು ಮಲಗಿಸಿದಳು.

"ಬುಕ್ಕಿನಲ್ಲಿ ಕುತ್ತಿಗೆ ಹಿಡಿದುಕೋ ಅಂತ..." ಅಂದೆ.

"ಬುಕ್ಕಾ ಕುಳಿಪ್ಪಾಟ್ಟಪ್ಪೋಗುದು?" ಅಂತ ಅವಳು. ಸ್ನಾನ ಮಾಡಿಸುವುದು ಬುಕ್ಕೋ ನೀನೋ ಅಂತ. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ, "ಟೀಚರಮ್ಮನಿಗೆ ಮದುವೆಯೇ ಆಗಲಿಲ್ಲ, ನೇರ ಪಾಟಿ ಪ್ರಮೋಷನ್!" ಎಂದು ನಕ್ಕಳು. ಪಾಟಿ ಅಂದರೆ ಅಜ್ಜಿ. ನನಗೆ ಕಿವಿ ಬಿಸಿಯಾಯಿತು. ಸಿಟ್ಟಿನಿಂದಲ್ಲ.

ಆ ದಿನದಿಂದ ನನಗೆ ಅದೊಂದೇ ಆಸೆ. ಈ ಮಗು ಯಾರನ್ನು ಅಜ್ಜಿ ಅನ್ನುತ್ತದೆ? ಇನ್ನೂ ಕತ್ತು ನಿಲ್ಲದ ಕೂಸು, ಮಾತಾಡಲು ವರ್ಷವಾದರೂ ಬೇಕು. ಆದರೂ ಸಾಂಬ್ರಾಣಿ ಹೊಗೆ ಹಿಡಿಯುವಾಗ, ಅದರ ನೆತ್ತಿಯ ಮೇಲೆ ಎಣ್ಣೆ ತಟ್ಟುವಾಗ ಮನಸ್ಸು ಅದನ್ನೇ ಜಪಿಸುತ್ತಿತ್ತು.

ಮಗುವಿಗೆ ಏಳು ದಿನವಾದಾಗ ಹುಡುಗಿ ಅಮ್ಮನಿಗೆ ಕಾಗದ ಬರೆದಿದ್ದಳು, ನನ್ನ ಮನೆಯ ಲ್ಯಾಂಡ್‌ಲೈನ್ ನಂಬರ್ ಹಾಕಿ. ಇಪ್ಪತ್ತಮೂರನೆಯ ದಿನ ಬೆಳಿಗ್ಗೆ ಫೋನ್ ಬಂತು. ಬಾಣಂತಿ ನೀರು ಹಾಕಿಸಿಕೊಂಡು ಗಾಢ ನಿದ್ರೆಯಲ್ಲಿದ್ದಳು. ಮಗು ನನ್ನ ಹೆಗಲ ಮೇಲೆ.

"ಹಲೋ... ನನ್ನ ಮಗಳು ಅಲ್ಲೇ ಇದಾಳಾ ಅಮ್ಮ?" ಪಿಸುಮಾತು. "ಕಾಗದ ಬಂತು. ನಮ್ಮನೆಯೋರಿಗೆ ಹೇಳಿಲ್ಲ ಇನ್ನೂ. ಅಂಗಡಿ ಫೋನಿಂದ ಮಾಡ್ತಾ ಇದೀನಿ. ಮಗು ಹೆಂಗಿದೆ? ತಲೆ ತುಂಬ ಕೂದಲಿದೆಯಾ? ಇವಳಿಗೆ ಹುಟ್ಟಿದಾಗ ತುಂಬ ಇತ್ತು."

"ಚೆನ್ನಾಗಿದೆ. ಕೂದಲಿದೆ" ಅಂದೆ.

"ನಾನು ಬರ್ಲಾ?"

ಎಷ್ಟು ಸಣ್ಣ ಪ್ರಶ್ನೆ. ಮಗುವಿನ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು, ಹಾಲಿನ ವಾಸನೆ. ನನ್ನ ಬಾಯಿಂದ ಬಂದದ್ದು ಇದು: "ಈಗ ಬೇಡಮ್ಮ. ಅವಳಿಗಿನ್ನೂ ಕೋಪ ಇಳಿದಿಲ್ಲ. ಇಳಿದ ಮೇಲೆ ನಾನೇ ಫೋನ್ ಮಾಡ್ತೀನಿ."

"ಆಗಲಿ. ನೀವು ಹಿರಿಯೋರು, ಹತ್ತಿರದಲ್ಲಿದ್ದೀರ, ನಿಮಗೆ ಗೊತ್ತಿರತ್ತೆ. ಅಂಗಡಿ ನಂಬರ್ ಬರ್ಕೊಳ್ಳಿ" ಅಂದರು ಆ ತಾಯಿ.

ಬರೆದುಕೊಂಡೆ. ಎರಡು ಮೂರು ದಿನ ಅಷ್ಟೇ, ಅಂತ ನನಗೆ ನಾನೇ ಹೇಳಿಕೊಂಡೆ. ಅವಳಮ್ಮ ಬಂದರೆ ಮಗುವಿನ ನೀರು ಅವಳದು, ಎಣ್ಣೆ ಅವಳದು, ಅಜ್ಜಿ ಅನ್ನುವ ಹೆಸರೂ ಅವಳದು. ನಾನು ಮತ್ತೆ ಬಾಡಿಗೆ ತೆಗೆದುಕೊಳ್ಳುವ ಆಂಟಿ. ಕ್ಲಾಸಿನಲ್ಲಿ ಇಂಥ ಪಾತ್ರಕ್ಕೆ ಆಬ್ಸ್ಟಕಲ್ ಅಂತ ಹೆಸರಿಟ್ಟು ಮೂವತ್ತನಾಲ್ಕು ವರ್ಷ ಮಾರ್ಕ್ಸ್ ಕೊಟ್ಟವಳು ನಾನು.

ಹುಡುಗಿ ದಿನಾ ಕೇಳುತ್ತಿದ್ದಳು. "ಪೋಸ್ಟ್ ಬಂತಾ ಆಂಟಿ?"

"ಬಂದಿಲ್ಲಮ್ಮ."

ಅದು ನಿಜವೇ. ಪೋಸ್ಟ್ ಬಂದಿರಲಿಲ್ಲ. ಅರ್ಧ ಸತ್ಯವನ್ನು ಹೇಗೆ ತಿರುಚುತ್ತಾರೆ ಅಂತ ನಾನು ಓದಿದ ಬೋರ್ಡಿಂಗ್ ಸ್ಕೂಲಿನ ಸಿಸ್ಟರ್‌ಗಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೆ ಸಿಗುತ್ತಿದ್ದ ಶಿಕ್ಷೆಯೂ ನನಗೆ ಗೊತ್ತಿತ್ತು. ಸಿನಿಮಾದಲ್ಲಾದರೆ ಇಂಥ ಗುಟ್ಟು ತಾನಾಗಿ ಒಡೆಯುತ್ತದೆ. ಯಾರೋ ಕದ್ದು ಕೇಳಿಸಿಕೊಂಡಿರುತ್ತಾರೆ, ಚೀಟಿ ಕೆಳಗೆ ಬೀಳುತ್ತದೆ. ನಾನು ಕಾದೆ. ಏನೂ ಆಗಲಿಲ್ಲ. ನಂಬರ್ ಬರೆದ ಚೀಟಿ ಡಿಕ್ಷನರಿಯೊಳಗೆ ಬೆಚ್ಚಗಿತ್ತು. ತಲೆಯ ಮೇಲೆ ಊರಿನ ಬೇಸಿನಿಂದ ಏರ್‌ಫೋರ್ಸ್ ವಿಮಾನ ಹಾರಿದಾಗಲೆಲ್ಲ ಮಗು ಬೆಚ್ಚುತ್ತಿತ್ತು, ನಾನು ಎತ್ತಿಕೊಳ್ಳುತ್ತಿದ್ದೆ. ಎಷ್ಟು ಸುಖವಾಗಿದ್ದೆ ಆ ದಿನಗಳಲ್ಲಿ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಒಂದು ಬೆಳಿಗ್ಗೆ ಎಳೆಬಿಸಿಲಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡಿದ್ದಾಗ ಅದು ನನ್ನ ಮುಖ ನೋಡಿ ನಕ್ಕಿತು. ನಿದ್ದೆಗಣ್ಣಿನ ನಗು ಅಲ್ಲ, ಗುರುತಿನ ನಗು, ಮೊದಲನೆಯದು. ಅದು ಇನ್ನೊಬ್ಬಳು ನೋಡಬೇಕಾಗಿದ್ದ ನಗು ಅಂತ ಗೊತ್ತಿತ್ತು. ಆದರೂ ನೋಡಿದೆ. ಇವತ್ತಿಗೂ ಕಣ್ಣು ಮುಚ್ಚಿದರೆ ಅದೇ.

ಆ ಸಂಜೆ ಹುಡುಗಿ ಪೋಸ್ಟಿನ ವಿಷಯ ಕೇಳಲಿಲ್ಲ. ಮಗುವಿಗೆ ಹಾಲು ಕುಡಿಸುತ್ತ, ಅದರ ಮುಖವನ್ನೇ ನೋಡುತ್ತ ಹೇಳಿದಳು. "ನಿನಗೆ ಇವರೇ ಕಣೇ ಅಜ್ಜಿ. ಇನ್ಯಾರೂ ಬರಲ್ಲ."

ನಾನು ತಿಂಗಳಿಂದ ಆಸೆಪಟ್ಟ ಮಾತು. ಅವಳ ದನಿಯಲ್ಲಿ ಪ್ರೀತಿ ಇರಲಿಲ್ಲ ಅಂತಲ್ಲ. ಆದರೆ ಮೊದಲು ಕೇಳಿಸಿದ್ದು ಸೋಲು. ಹೊಟ್ಟೆಗೆ ಕಟ್ಟಿದ್ದ ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು, ಬಿಡುತ್ತಿದ್ದಳು. ಅವಳ ತಾಯಿಯನ್ನು ಕಿತ್ತುಕೊಂಡು ಅವಳ ಕೈಯಿಂದಲೇ ನಾನು ಆ ಹೆಸರನ್ನು ಪಡೆದಿದ್ದೆ. "ಸಾರು ಬಿಸಿ ಮಾಡ್ತೀನಿ" ಅಂತ ಎದ್ದು ಒಳಗೆ ಹೋದೆ. ಒಲೆ ಹಚ್ಚಲಿಲ್ಲ. ಡಿಕ್ಷನರಿ ತೆಗೆದೆ.

ಫೋನ್ ಎತ್ತಿದ್ದು ಅಂಗಡಿಯವನು. ಯಾರು ಬೇಕು ಅಂತ ಹೇಳುವಷ್ಟರಲ್ಲೇ, "ಸೂಲೂರಾ? ಇಲ್ಲೇ ಕೂತವ್ರೆ, ಕೊಟ್ಟೆ. ದಿನಾ ಎರಡೊತ್ತು ಬಂದು ಕೂತ್ಕೊತಾರೆ, ಫೋನ್ ಬಂತಾ ಫೋನ್ ಬಂತಾ ಅಂತ" ಅಂದ.

ಹನ್ನೊಂದು ದಿನವಾಗಿತ್ತು.

"ಬನ್ನಿ" ಅಂದೆ. ಬೇರೆ ಮಾತು ಹೊರಡಲಿಲ್ಲ. ಸೇಲಂ ಮೇಲೆ ಬರುವ ಬಸ್ಸು, ಎಲ್ಲಿ ಇಳಿಯಬೇಕು, ಯಾವ ಬೀದಿ, ನುಗ್ಗೆಮರದ ಮನೆ, ಗುರುತುಗಳನ್ನಷ್ಟೇ ಒಪ್ಪಿಸಿದೆ. ಆಮೇಲೆ ಹಾಲಿಗೆ ಬಂದು ಹುಡುಗಿಗೆ, "ನಿಮ್ಮಮ್ಮ ಫೋನಿನಲ್ಲಿ ಸಿಕ್ಕಿದರು. ಬರ್ತಾರೆ" ಅಂದೆ. ಅವಳು ಎಷ್ಟು ಜೋರಾಗಿ ಅತ್ತಳೆಂದರೆ ಮಗುವೂ ಹೆದರಿ ಅಳಲು ಶುರು ಮಾಡಿತು. ಹೇಗೆ ಸಿಕ್ಕಿದರು, ಯಾವಾಗ ಅಂತ ಕೇಳುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಆ ತಾಯಿ ಮೂರನೆಯ ಬೆಳಿಗ್ಗೆ ಬಂದರು, ನನಗಿಂತ ಹತ್ತು ವರ್ಷ ಚಿಕ್ಕವರು, ಕೈಯಲ್ಲಿ ತುಪ್ಪದ ಡಬ್ಬಿ. ಗಂಡನಿಗೆ ಹೇಳಿಯೇ ಬಂದಿದ್ದರಂತೆ. "ಬೈಕೊಳ್ಳಲಿ, ಅಡುಗೆ ಮಾಡೋರಿಲ್ದೆ ನಾಕು ದಿನ ಇದ್ರೆ ಸರಿಹೋಗ್ತಾರೆ" ಅಂದರು. ಅಮ್ಮ ಮಗಳು ಎದುರಾದ ಗಳಿಗೆಯನ್ನು ನಾನು ನೋಡಲಿಲ್ಲ. ಹಾಲು ಉಕ್ಕುತ್ತದೆ ಅಂತ ನೆವ ಮಾಡಿ ಒಲೆಯ ಮುಂದೆ ನಿಂತಿದ್ದೆ.

ಎರಡು ವಾರ ನನ್ನ ಮನೆಯಲ್ಲೇ ಇದ್ದರು. ಮಗುವಿನ ನೀರು ಅವರದಾಯಿತು. ಎಷ್ಟು ಚಂದ ಹಾಕುತ್ತಿದ್ದರು! ಹೆದರಿಕೆಯಿಲ್ಲದ ಕೈ. ಒಂದು ಮಧ್ಯಾಹ್ನ ಮೂವರೂ ಕಾಫಿ ಕುಡಿಯುವಾಗ ಅವರು ನನ್ನ ಕೈ ಹಿಡಿದುಕೊಂಡರು.

"ನನ್ನ ಮಗಳ ಕೋಪ ಇಳಿಸಿದ್ರಲ್ಲ ನೀವು. ನೀವಿಲ್ದಿದ್ರೆ ಇವಳು ನನ್ನ ಮುಖ ನೋಡ್ತಿರ್ಲಿಲ್ಲ."

"ನನಗೆಲ್ಲಿತ್ತಮ್ಮ ಕೋಪ?" ಅಂದಳು ಹುಡುಗಿ. ನಗುತ್ತಲೇ ಅಂದಳು.

ಆಮೇಲೆ ನನ್ನ ಕಡೆ ತಿರುಗಿದಳು. ಅವಳ ನಗು ನಿಧಾನವಾಗಿ ಎಲ್ಲೋ ಹೋಯಿತು. ನಾನು ಲೋಟದೊಳಗೆ ನೋಡಿದೆ. ಅವಳಮ್ಮ ತುಪ್ಪದ ಮಾತಿಗೆ ಹೋಗಿದ್ದರು, ಅವರಿಗೆ ಏನೂ ತಿಳಿಯಲಿಲ್ಲ.

ಅವಳು ಬೈಯಲಿಲ್ಲ. ಆಂಟಿ ಅನ್ನುವುದನ್ನು ಬಿಡಲಿಲ್ಲ, ಕೊಟ್ಟ ಸಾರು ಬೇಡ ಅನ್ನಲಿಲ್ಲ. ಮಗುವನ್ನು ಮಾತ್ರ ತಾನಾಗಿ ನನ್ನ ಕೈಗೆ ಕೊಡುತ್ತಿರಲಿಲ್ಲ. ನಾನೂ ಕೇಳಲಿಲ್ಲ. ಅಮ್ಮ ಹೇಳಿದ ಹಾಗೆ ಅವಳಪ್ಪ ಸರಿಹೋದರು; ಉಳಿದ ಬಾಣಂತನಕ್ಕೆ ಅಂತ ತವರಿಗೆ ಹೋಗುವುದು ತೀರ್ಮಾನವಾಯಿತು. ಅಲ್ಲಿಂದ ಮರಳಿದ ಮೇಲೆ ಅವರು ಕೊಯಮತ್ತೂರಿನಲ್ಲೇ, ಅವಳ ಆಫೀಸಿನ ಹತ್ತಿರ ಮನೆ ಹಿಡಿದರು. ಎರಡು ಸಲ ಬಂದಿದ್ದರು. ಮಗು ನಡೆಯುತ್ತಿತ್ತು, ನನ್ನ ಗುರುತು ಅದಕ್ಕಿರಲಿಲ್ಲ. ಆಮೇಲೆ ಹೊಸ ವರ್ಷಕ್ಕೆ ಒಂದು ಫೋನು, ಆಮೇಲೆ ಅದೂ ಇಲ್ಲ.

ಅವರು ತವರಿಗೆ ಹೊರಟ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಹುಡುಗ ಗೇಟಿನ ಹತ್ತಿರ ನಿಂತು ಟ್ಯಾಕ್ಸಿಯವನಿಗೆ ಮೊಬೈಲಿನಲ್ಲಿ ದಾರಿ ಹೇಳುತ್ತಿದ್ದ. ಅವಳಮ್ಮ ಒಳಗೆ ಸೀರೆ ಮಡಚುತ್ತಿದ್ದರು. ಹುಡುಗಿ ಮಗುವನ್ನೆತ್ತಿಕೊಂಡು ವರಾಂಡಕ್ಕೆ ಬಂದಳು.

"ಎಷ್ಟು ದಿನ ಆಂಟಿ?"

"ಹನ್ನೊಂದು."

"ನಾನು ದಿನಾ ಕೇಳ್ತಿದ್ದೆ."

"ಹೌದು."

ಮಗು ಬಿಸಿಲಿಗೆ ಮುಖ ಕಿವಿಚಿತು. ಅವಳು ಅದರ ಟೋಪಿ ಸರಿ ಮಾಡಿದಳು, ಮತ್ತೆ ಸರಿ ಮಾಡಿದಳು. ಆಮೇಲೆ ಮಗುವನ್ನು ನನ್ನ ಕಡೆ ಚಾಚಿದಳು.

"ಇಲ್ಲಿ ಬಿಸಿಲು ಜಾಸ್ತಿ. ಟ್ಯಾಕ್ಸಿ ಬರೋವರೆಗೆ ಒಳಗೆ ಇಟ್ಕೊಂಡಿರಿ."

ಟ್ಯಾಕ್ಸಿ ಇಪ್ಪತ್ತು ನಿಮಿಷ ತಡವಾಗಿ ಬಂತು. ಹುಡುಗ ಡ್ರೈವರ್ ಮೇಲೆ ರೇಗಾಡಿದ. ಡ್ರೈವರ್ ದಾರಿ ತಪ್ಪಿತು ಅಂತ ಎಲ್ಲರ ಹತ್ತಿರವೂ ಸಾರಿ ಕೇಳಿದ, ನನ್ನ ಹತ್ತಿರವೂ. ಪರವಾಗಿಲ್ಲಪ್ಪ ಅಂದೆ.