ಡಬ್ಬಿಗಳ ಮೇಲೆ ಗ್ರೀಕು, ಲ್ಯಾಟಿನ್ನು

ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಾಗ ಫೋನು ಬಂತು. ಪರೀಕ್ಷೆಗೆಂದು ಬೇಗಂಪೇಟೆಗೆ ಹೋಗಿದ್ದ ನಾದಿನಿ ಗಿರಿಜಾ.

"ವೈನಿ, ಪಾಸಾದೆನ್ರಿ! ಸೋಮವಾರದಿಂದ ಬಾ ಅಂದಾರ!"

ನಾನು ಧಡಕ್ಕನೆ ಎದ್ದದ್ದಕ್ಕೆ ಮೊರದ ಅಕ್ಕಿಯೆಲ್ಲ ನೆಲದ ಪಾಲಾಯಿತು.

ಈಗ ಹೈದರಾಬಾದಿನಲ್ಲಿ ಕಂಪ್ಯೂಟರಿನ ಮುಂದೆ ಕೂರದವರು ನಾನು ಮತ್ತು ನಮ್ಮ ಮನೆದೇವರು ಇಬ್ಬರೇ ಇರಬೇಕು. ಗಿರಿಜಾಳಿಗೆ ಸಿಕ್ಕಿದ್ದು ಅಮೆರಿಕದ ಡಾಕ್ಟರರು ಬಾಯಲ್ಲಿ ಹೇಳಿ ಕಳಿಸುವ ವರದಿಗಳನ್ನು ಕೇಳಿ ಟೈಪು ಮಾಡುವ ಕೆಲಸ. ಕಲಬುರಗಿಯಲ್ಲಿ ಕನ್ನಡದಲ್ಲೇ ಓದಿ ಕೆಲಸಕ್ಕೆಂದು ನಮ್ಮ ಮನೆಗೆ ಬಂದಿದ್ದ ಹುಡುಗಿ; ಅದರ ಪರೀಕ್ಷೆಯಲ್ಲಿ ಎರಡು ಸಲ ಬಿದ್ದಿದ್ದಳು. ಮೂರನೆಯದೇ ಕೊನೆಯದು. ಇದೂ ಹೋದರೆ ಕಾಚಿಗೂಡದಲ್ಲಿ ರೈಲು ಹತ್ತಿ ಊರಿಗೆ ಬಾ ಎಂದು ಅತ್ತೆಯವರ ಅಪ್ಪಣೆಯಾಗಿತ್ತು.

ಎರಡನೆಯ ಸಲ ಅವಳನ್ನು ಬೀಳಿಸಿದ್ದು ಮೂತ್ರಪಿಂಡ. ಒಂದೇ ವರದಿಯಲ್ಲಿ 'ರೀನಲ್' ಎಂದೂ ಬಂತು, 'ನೆಫ್ರೈಟಿಸ್' ಎಂದೂ ಬಂತು. ಒಬ್ಬನಿಗೇ ಇಷ್ಟೊಂದು ಕಾಯಿಲೆ ಇರಲಾರದೆಂದು ಒಂದನ್ನು ಬಿಟ್ಟುಬಿಟ್ಟಳಂತೆ!

ಆಗ ಅವಳ ಪುಸ್ತಕ ತೆರೆದು ನಾನೇ ಕೂತೆ. ಎರಡೂ ಮೂತ್ರಪಿಂಡವೇ. ರೀನಲ್ ಲ್ಯಾಟಿನ್ನಿನ ಮನೆಯದು, ನೆಫ್ರೈಟಿಸ್ ಗ್ರೀಕಿನದು. ಅಂಗಕ್ಕೆ ಹೆಸರಿಡುವುದು ಹೆಚ್ಚಾಗಿ ಲ್ಯಾಟಿನ್, ಅದಕ್ಕೆ ಬರುವ ರೋಗಕ್ಕೆ ಗ್ರೀಕು. ಇದರಲ್ಲಿ ಬೆರಗೇನು? ನಾನು ದೇವರ ಮುಂದೆ ಸಂಸ್ಕೃತ, ಒಲೆಯ ಮುಂದೆ ಕನ್ನಡ, ತರಕಾರಿಯವಳ ಮುಂದೆ ತೆಲುಗು ಆಡುವುದಿಲ್ಲವೇ? ಓರಗಿತ್ತಿಯರಂತೆ ಕೆಲಸ ಹಂಚಿಕೊಂಡಿವೆ, ಅಷ್ಟೇ. ಟೆಲಿಫೋನು ಅಪ್ಪಟ ಗ್ರೀಕು, ಕಂಪ್ಯೂಟರು ಲ್ಯಾಟಿನ್. ಟೆಲಿವಿಷನ್ನಿನಲ್ಲಿ ಮಾತ್ರ 'ಟೆಲಿ' ಎಂಬ ದೂರ ಗ್ರೀಕಿನದು, 'ವಿಷನ್' ಎಂಬ ನೋಟ ಲ್ಯಾಟಿನ್ನಿನದು. ಜಾತಿ ಬಿಟ್ಟ ಮದುವೆ. ಆದರೂ ಸಂಸಾರ ಎಲ್ಲರ ಮನೆಯಲ್ಲೂ ಚೆನ್ನಾಗಿ ನಡೆದಿದೆ.

ಅಡುಗೆಮನೆಯ ಡಬ್ಬಿಗಳಿಗೆ ಒಂದೊಂದು ಅಂಗ ಹಂಚಿ ಎರಡೆರಡು ಚೀಟಿ ಅಂಟಿಸಿದೆ. ಗ್ರೀಕನ್ನು ಅರಿಶಿನ ಕಲಸಿ ಬರೆದೆ, ಲ್ಯಾಟಿನ್ನನ್ನು ಕುಂಕುಮ ಕಲಸಿ. ಎರಡೂ ಹೆಸರು ಹೇಳದೆ ಗಿರಿಜಾ ಮುಚ್ಚಳ ತೆಗೆಯುವಂತಿರಲಿಲ್ಲ. ನಡುವೆ ಪೇಚಿಗೆ ಬಿದ್ದವರು ನಮ್ಮ ಯಜಮಾನರು.

"ಗಿರಿಜಾ, ಸಕ್ಕರಿ ಎಲ್ಲೈತಿ?"

"ಹೃದಯದಾಗ ಐತಿ ನೋಡಣ್ಣಾ."

"ನಿನ್ನ ವೈನಿ ಹೃದಯದಾಗ ಸಕ್ಕರಿ? ಇಪ್ಪತ್ತು ವರ್ಷ ಆತು, ನನಗ ಸಿಕ್ಕಿಲ್ಲ!"

ಇವತ್ತೂ ಮೂತ್ರಪಿಂಡವೇ ಬಂತಂತೆ. "ತೊಗರಿಬ್ಯಾಳಿ ಡಬ್ಬಿ ಕಣ್ಮುಂದ ಬಂತು ವೈನಿ. ಎರಡೂ ಬರದ್ನಿ!" ಎಂದಳು. ಬಸ್ಸಿನಲ್ಲಿ ಸೀಟು ಸಿಕ್ಕಿತು, ಪರೀಕ್ಷೆಯ ನಡುವೆ ಕರೆಂಟು ಹೋಗಲಿಲ್ಲ, ಅವಳಿಗೆ ನೆಗಡಿ ಬರಲಿಲ್ಲ. ಒಂದೊಂದಕ್ಕೂ ದೇವರಿಗೆ ಒಂದೊಂದು ನಮಸ್ಕಾರ ಹಾಕಿದೆ. ಈ ಹಳೆಯ ಗ್ರೀಕು, ಲ್ಯಾಟಿನ್ನುಗಳನ್ನು ಸತ್ತ ಭಾಷೆಗಳೆನ್ನುತ್ತಾರಂತೆ. ನಮ್ಮ ಹುಡುಗಿಯನ್ನು ರೈಲು ಹತ್ತದಂತೆ ತಡೆದು ನಿಲ್ಲಿಸಿದವು ಸತ್ತಿರುವುದು ಹೇಗೆ?

ಚೆಲ್ಲಿದ ಅಕ್ಕಿ ಬಳಿದೆ. ಆಮೇಲೆ ನೈವೇದ್ಯಕ್ಕೆ ಶಾವಿಗೆ ಪಾಯಸ ಮಾಡಲೆಂದು ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದೆ. ಕಾರ್ಡಿಯಾ, ಕೋರ್ ಎಂದು ಎರಡೂ ಹೆಸರು ಹೇಳಿಯೇ ತೆಗೆದೆ.