ಆ ಕಡೆ ಹುತ್ತ, ಈ ಕಡೆ ಒರಲೆ

ನನ್ನನ್ನು ಜಗಳಗಂಟಿ ಅನ್ನುವವರು ಕೆಲಗೇರಿಯ ನಮ್ಮ ಓಣಿಯಲ್ಲಿ ಈಗಲೂ ಇದ್ದಾರೆ. ಅನ್ನಲಿ. ಪಂಚಮಿ ಹಬ್ಬದ ದಿನ, ಒರಲೆ ತಿಂದ ಕಪಾಟಿನ ಬಾಗಿಲನ್ನು ಹೊತ್ತುಕೊಂಡು ಹೋಗಿ ಮಾಲಕರ ಹಿತ್ತಲಿನ ಹುತ್ತದ ಮುಂದೆ ಇಟ್ಟವಳು ನಾನೇ. ಮತ್ತೆ ಅಂಥ ಪ್ರಸಂಗ ಬಂದರೆ ಮತ್ತೆ ಇಡುತ್ತೇನೆ. ಯಾಕೆ ಇಟ್ಟೆ ಅನ್ನುವುದನ್ನು ಮಾತ್ರ ಮಂದಿ ತಮಗೆ ಬೇಕಾದ ಹಾಗೆ ಹೇಳಿಕೊಂಡು ತಿರುಗುತ್ತಾರೆ. ಅದಕ್ಕೇ ನಾನು ಬರೆಯಬೇಕಾಯಿತು.

ನಾನು ಸರಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ನನ್ನ ಗಂಡ ತಾರಿಹಾಳದ ಒಂದು ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. ನಮ್ಮದು ಬೌದ್ಧ ಮನೆತನ. ಅಜ್ಜನ ಕಾಲಕ್ಕೆ ಊರ ಹೊರಗಿನ ಕೇರಿಯಲ್ಲಿ ಇದ್ದವರು, ಅಪ್ಪನ ಕಾಲಕ್ಕೆ ಶಾಲೆ ಕಲಿತು ನೌಕರಿಗೆ ಬಂದವರು. ನಮ್ಮಂಥವರು ಬಾಡಿಗೆ ಮನೆ ಹುಡುಕುವುದು ಹೇಗಿರುತ್ತದೆ ಅಂದರೆ, ಮೊದಲು ನೌಕರಿ ಕೇಳುತ್ತಾರೆ, ಅವರ ಮುಖ ಅರಳುತ್ತದೆ. ಆಮೇಲೆ ಅಡ್ಡಹೆಸರು ಕೇಳುತ್ತಾರೆ, ಮೂಲ ಊರು ಕೇಳುತ್ತಾರೆ, ದೇವರ ಮನೆ ಯಾವ ದಿಕ್ಕಿಗೆ ಬೇಕು ಅಂತ ಕೇಳುತ್ತಾರೆ. ಎಲ್ಲ ಕೇಳಿ ಮುಗಿದ ಮೇಲೆ ಮನೆ ತಮ್ಮ ತಂಗಿಯ ಮಗನಿಗೆ ಬೇಕಾಗಿದೆ ಅನ್ನುತ್ತಾರೆ. ಧಾರವಾಡದ ತುಂಬ ಯಾರ್‍ಯಾರದೋ ತಂಗಿಯ ಮಕ್ಕಳೇ ಮನೆ ಹಿಡಿದುಕೊಂಡು ಕೂತಿದ್ದಾರೆ.

ಕೆಲಗೇರಿಯ ಈ ಮಾಲಕರು ಏನೂ ಕೇಳಲಿಲ್ಲ. ಅವರು ರಿಟೈರ್ಡ್ ಅಧಿಕಾರಿ, ನಾನು ಟೀಚರ್ ಅಂದ ಕೂಡಲೇ ಕೀಲಿ ಕೈಗೆ ಕೊಟ್ಟರು. ಮುಂದಿನ ಮನೆಯಲ್ಲಿ ಅವರು, ಅವರ ಹೆಂಡತಿ, ಅವರ ತಾಯಿ. ತಾಯಿಯನ್ನು ಓಣಿಯೆಲ್ಲ ಆಯಿ ಅನ್ನುತ್ತಿತ್ತು. ಹಿಂದಿನ ಭಾಗದ ಮನೆ ನಮ್ಮದು. ನಮ್ಮ ಮಲಗುವ ಕೋಣೆಯ ಗೋಡೆಯ ಆ ಕಡೆ ಅವರ ಹಿತ್ತಲು. ಅಲ್ಲೊಂದು ಮಾವಿನ ಮರ, ಗೋಡೆಗೇ ಒರಗಿಕೊಂಡು ಎದೆಮಟ್ಟ ಬೆಳೆದ ಒಂದು ಹುತ್ತ. ಸೋಮವಾರಕ್ಕೊಮ್ಮೆ ಆಯಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ನೀರು, ಹಾಲು ಎರೆಯುತ್ತಿದ್ದರು. ಪಂಚಮಿಗೆ ಓಣಿಯ ಹೆಂಗಸರೆಲ್ಲ ಅಲ್ಲಿಗೇ ಬರುತ್ತಾರೆ ಅಂತ ಮಾಲಕರ ಹೆಂಡತಿ ಮೊದಲ ದಿನವೇ ಹೆಮ್ಮೆಯಿಂದ ಹೇಳಿದ್ದರು.

ನಾವು ಸಾಮಾನು ಜೋಡಿಸಿ ಗೋಡೆಗೆ ಬುದ್ಧನ ಫೋಟೊ, ಅದರ ಪಕ್ಕ ನೀಲಿ ಕೋಟಿನವರ ಫೋಟೊ ಹಾಕಿದೆವು. ಮಾಲಕರ ಹೆಂಡತಿ ಮಜ್ಜಿಗೆ ತಗೊಂಡು ಒಳಗೆ ಬಂದವರು ಗೋಡೆ ನೋಡಿದರು, ಗಡಿಯಾರ ನೋಡಿದರು, ಒಲೆಯ ಮೇಲೆ ಹಾಲು ಇಟ್ಟು ಬಂದಿದ್ದೇನೆ ಅಂತ ಹೊರಟುಬಿಟ್ಟರು. ಮರುದಿನದಿಂದ ಮಜ್ಜಿಗೆ ಹೊಸ್ತಿಲ ಆಚೆಯೇ ನಿಂತಿತು. ಆಮೇಲೆ ಅದೂ ಬರಲಿಲ್ಲ. ನನಗೇನು ಮಜ್ಜಿಗೆಯ ಬರ ಇರಲಿಲ್ಲ.

ಮಳೆ ಹಿಡಿಯಿತು. ಧಾರವಾಡದ ಮಳೆ ಗೊತ್ತಲ್ಲ, ಜೋರಾಗಿ ಸುರಿದು ಹೋಗುವುದಿಲ್ಲ, ಜಿಟಿಜಿಟಿ ಅಂತ ಕೂತೇ ಬಿಡುತ್ತದೆ. ಒಂದು ಮುಂಜಾನೆ ಮಗಳ ಯೂನಿಫಾರ್ಮ್ ತೆಗೆಯಲು ಗೋಡೆ ಕಪಾಟು ತೆರೆದರೆ ಗೋಡೆಯ ಬುಡದಿಂದ ಹಲಗೆಯ ತನಕ ಒಂದು ಕೆಂಪು ಮಣ್ಣಿನ ಗೆರೆ. ಬೆರಳಿನಿಂದ ಒತ್ತಿದೆ. ಗೆರೆ ಪುಡಿಯಾಯಿತು, ಒಳಗಿನಿಂದ ಬಿಳಿ ಹುಳಗಳು ಗಾಬರಿಬಿದ್ದು ಹರಿದಾಡಿದವು. ಒರಲೆ, ಅಂದರೆ ಗೆದ್ದಲು, ಹತ್ತಿತ್ತು. ಬಾಗಿಲು ಹೊರಗಿನಿಂದ ಪೇಂಟು ಹಚ್ಚಿಕೊಂಡು ಛಂದ ನಿಂತಿತ್ತು, ಒಳಗೆ ಬೆರಳು ಹೋಗುವಷ್ಟು ಟೊಳ್ಳು. ಅದರ ಹಿಂದಿನ ಗೋಡೆ ಒದ್ದೆ, ಕಪ್ಪು ಕಪ್ಪು ಬೂಷ್ಟು. ಕೋಣೆಯಲ್ಲಿ ಹಸಿ ವಾಸನೆ ಯಾಕೆ ಬರುತ್ತಿದೆ ಅಂತ ಆವತ್ತು ಗೊತ್ತಾಯಿತು. ನಾನು ಗುಡಿಸಿದೆ, ಒರೆಸಿದೆ. ಎರಡು ದಿನಕ್ಕೆ ಗೆರೆ ಮತ್ತೆ ಅದೇ ದಾರಿಯಲ್ಲಿ ಎದ್ದಿತು.

ಗೆದ್ದಲು ತಿಂದಿದ್ದು ಬರೀ ಕಟ್ಟಿಗೆಯಾಗಿದ್ದರೆ ನಾನು ಇಷ್ಟು ಉರಿಯುತ್ತಿರಲಿಲ್ಲ. ನನ್ನ ಮಗಳು ಆಗ ಎರಡನೇ ಇಯತ್ತೆ. ಕೂಸಿದ್ದಾಗ ಅವಳಿಗೆ ದಮ್ಮು ಹತ್ತುತ್ತಿತ್ತು, ಬೆಳೆಯುತ್ತ ಕಡಿಮೆಯಾಗಿತ್ತು. ಆ ಮಳೆಗಾಲಕ್ಕೆ ಅದು ತಿರುಗಿ ಬಂತು. ಮಲಗಿದರೆ ಎದೆಯೊಳಗಿನಿಂದ ಸೀಟಿ ಹೊಡೆದ ಹಾಗೆ ಸಪ್ಪಳ. ಹಗಲು ಶಾಲೆಯಲ್ಲಿ ಆರಾಮ ಇರುತ್ತಿದ್ದಳು, ಮನೆಗೆ ಬಂದು ಆ ಕೋಣೆ ಹೊಕ್ಕರೆ ಕೆಮ್ಮು. ಡಾಕ್ಟರು ಎಲ್ಲ ಕೇಳಿಕೊಂಡು, ಗೆದ್ದಲು ತಾನಾಗಿ ಯಾರಿಗೂ ರೋಗ ಹಚ್ಚುವುದಿಲ್ಲ, ಹೆದರಬೇಡಿ ಅಂದರು. ಆದರೆ ಅದು ತಿಂದು ಉದುರಿಸಿದ ಪುಡಿ, ಅದರ ಹಿಕ್ಕೆ, ಒದ್ದೆ ಗೋಡೆಯ ಬೂಷ್ಟು, ಇವು ಗಾಳಿಯಲ್ಲಿ ಸೇರಿದರೆ ಇಂಥ ಮಕ್ಕಳಿಗೆ ಆಗಿಬರುವುದಿಲ್ಲ. ಗೋಡೆ ಒಣಗಬೇಕು, ಒರಲೆ ಬುಡದಿಂದ ಹೋಗಬೇಕು, ಔಷಧ ಹೊಡೆಸುವುದಾದರೆ ಗೊತ್ತಿದ್ದವರಿಂದಲೇ ಹೊಡೆಸಿ, ಮಗುವನ್ನು ದೂರ ಇಟ್ಟು ಹೊಡೆಸಿ, ಇಲ್ಲದಿದ್ದರೆ ಹುಳಕ್ಕಿಂತ ಔಷಧವೇ ಜಾಸ್ತಿ ಕಾಡುತ್ತದೆ ಅಂತ ಹೇಳಿ ಕಳಿಸಿದರು.

ನಾನು ಮಾಲಕರಿಗೆ ಇದನ್ನೆಲ್ಲ ಹೇಳಿದೆ. ಅವರು ಪೇಪರು ಮಡಚಿಟ್ಟು ಸಮಾಧಾನದಿಂದ ಕೇಳಿಸಿಕೊಂಡರು. ತಮ್ಮ ಮನೆಯಲ್ಲಿ ಇಷ್ಟು ವರ್ಷ ಒರಲೆ ಇರಲಿಲ್ಲ, ನಿಮ್ಮ ಸಾಮಾನಿನ ಜೊತೆ ಬಂದಿರಬೇಕು ಅಂದರು. ಮನೆ ಎಷ್ಟು ಸ್ವಚ್ಛ ಇಡುತ್ತೇವೆ ಅನ್ನುವುದರ ಮೇಲೂ ಇರುತ್ತದಲ್ಲ ಅಂತ ಮೆಲ್ಲಗೆ ಸೇರಿಸಿದರು. ಆ ಮಾತಿನ ಅರ್ಥ ನನಗೆ ಹುಟ್ಟಿದಾಗಿನಿಂದ ಗೊತ್ತು. ಗೋಡೆಗೆ ಒರಗಿದ ಹುತ್ತವನ್ನು ತೋರಿಸಿ, ಒರಲೆಯ ಮನೆ ಅಲ್ಲಿದೆ, ನಮ್ಮ ಕೋಣೆಗೆ ಅದರ ದಾರಿ ಬಂದಿದೆ, ವಾರ ವಾರ ಎರೆದ ಹಾಲು ನೀರೆಲ್ಲ ಗೋಡೆ ಕುಡಿಯುತ್ತಿದೆ, ಔಷಧ ಹೊರಗಿನ ಬುಡಕ್ಕೇ ಹಾಕಿಸಬೇಕು ಅಂದೆ. ಅವರು ಕಿವಿ ಮುಟ್ಟಿಕೊಂಡರು.

"ಹುತ್ತಕ್ಕ ವಿಷಾ ಹಾಕಿದ್ರ ಪಾಪ ಹತ್ತತೈತ್ರಿ ಟೀಚರ. ನಿಮಗ ಅದು ತಿಳಿಯಂಗಿಲ್ಲ ಬಿಡ್ರಿ."

ನನ್ನ ಗಂಡ ಜಗಳದ ಮನುಷ್ಯನಲ್ಲ. ಉಣಕಲ್ ಕಡೆ ಬೇರೆ ಮನೆ ನೋಡೋಣ ಅಂದ. ನಾನು ಒಪ್ಪಲಿಲ್ಲ. ಇನ್ನೊಬ್ಬರು ಬಿಡಿಸಿದ ಮನೆಗಳನ್ನು ಬಿಟ್ಟು ಬಿಟ್ಟೇ ನಮ್ಮ ಹಿರಿಯರು ಊರ ಹೊರಗೆ ಹೋದದ್ದು. ಒರಲೆಯೇ ಗೋಡೆ ಬಿಟ್ಟು ಹೋಗಲಿ, ನಾನು ಹೋಗುವುದಿಲ್ಲ ಅಂದುಬಿಟ್ಟೆ. ಮಗಳನ್ನು ಮುಂದಿನ ಪಡಸಾಲೆಯಲ್ಲಿ ಮಲಗಿಸತೊಡಗಿದೆವು.

ಪಂಚಮಿ ಸಮೀಪ ಬಂದಿತ್ತು. ಒಂದು ಸಂಜೆ ಶಾಲೆಯಿಂದ ಬಂದು ಕೀಲಿ ತೆಗೆದರೆ ಮೂಗಿಗೆ ಘಾಟು ಬಡಿಯಿತು. ನಾನು ಒಳಗೆಲ್ಲ ಹುಡುಕುವುದರೊಳಗೆ ಮಗಳು ರೂಢಿಯಂತೆ ಕಪಾಟಿನಿಂದ ಮನೆಯ ಫ್ರಾಕು ತೆಗೆದು ಹಾಕಿಕೊಂಡಿದ್ದಳು. ಕಪಾಟಿನೊಳಗೆ, ಬಟ್ಟೆಯ ಮೇಲೆ, ನೆಲದ ಮೇಲೆ, ಎಲ್ಲ ಕಡೆ ಬಿಳಿ ಪುಡಿ. ಮಾಲಕರು ತಮ್ಮ ಹತ್ತಿರವಿದ್ದ ಇನ್ನೊಂದು ಕೀಲಿಯಿಂದ ಬಾಗಿಲು ತೆಗೆಸಿ, ಯಾರಿಂದಲೋ ಒರಲೆ ಪುಡಿ ಹೊಡೆಸಿ, ನಮಗೊಂದು ಮಾತು ಹೇಳದೆ ಕೀಲಿ ಹಾಕಿಸಿದ್ದರು. ಸ್ವಲ್ಪ ಹೊತ್ತಿಗೇ ಮಗಳ ತುಟಿ ಬಣ್ಣಗೆಟ್ಟಿತು. ಆಟೋದಲ್ಲಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ದವಾಖಾನೆಗೆ ಓಡಿದೆ. ಒಂದೊಂದು ಉಸಿರಿಗೂ ಅವಳ ಪಕ್ಕೆಲುಬು ಒಳಗೆ ಹೋಗಿ ಹೊರಗೆ ಬರುತ್ತಿತ್ತು. ನಾನು ಅಳಲಿಲ್ಲ. ಅತ್ತರೆ ಅವಳು ಹೆದರುತ್ತಾಳೆ ಅಂತ ಹಲ್ಲು ಕಚ್ಚಿ ಮಗ್ಗಿ ಹೇಳಿಸುತ್ತ ಹೋದೆ, ಅವಳು ತುಟಿ ಮಾತ್ರ ಆಡಿಸಿದಳು.

ಮಾಸ್ಕು ಹಾಕಿ ನೆಬ್ಯುಲೈಜರ್ ಹಚ್ಚಿದರು, ಅಡ್ಮಿಟ್ ಮಾಡಿಕೊಂಡರು, ದೇವರಂಥ ಡಾಕ್ಟರು ಉಳಿಸಿಕೊಟ್ಟರು. ದೇವರಂಥ ಅನ್ನುವ ಮಾತು ನನ್ನ ಬಾಯಿಂದಲೂ ಬರುತ್ತದೆ, ನೋಡಿ. ಮನೆಗೆ ಬಂದ ಮೇಲೆ ಮಾಲಕರು ಹೊರಗೆ ನಿಂತೇ ವಿಚಾರಿಸಿದರು. ನಿಮ್ಮ ಒಳ್ಳೆಯದಕ್ಕೇ ಮಾಡಿಸಿದೆವು, ನೀವೇ ಗದ್ದಲ ಮಾಡಿದ್ದಿರಲ್ಲ ಅಂದರು. ಆ ಕಡೆ ವಿಷ ಹಾಕಿದರೆ ಪಾಪ, ಈ ಕಡೆ ಹಾಕಿದರೆ ಒಳ್ಳೆಯದು. ಈ ಕಡೆ ಉಸಿರಾಡುವವಳು ನನ್ನ ಮಗಳು. ಕೋಣೆಗೆ ಹೊರಗಿನಿಂದ ಬೀಗ ಜಡಿದೆ, ಅವರ ಹತ್ತಿರ ಕೀಲಿ ಇಲ್ಲದ ಬೀಗ.

ಪಂಚಮಿ ದಿನ ಮಳೆ ಬಿಡುವು ಕೊಟ್ಟಿತ್ತು. ಮಾವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಓಣಿಯ ಹುಡುಗಿಯರೆಲ್ಲ ಉಂಡಿ ಕೈಯಲ್ಲಿ ಹಿಡಿದುಕೊಂಡು ಸರದಿ ನಿಂತಿದ್ದರು. ಹೆಂಗಸರು ತಂಬಿಗೆಯಲ್ಲಿ ಹಾಲು ತಗೊಂಡು ಹುತ್ತದ ಸುತ್ತ ಸೇರಿದ್ದರು. ನನ್ನ ಮಗಳು ನಮ್ಮ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ನೋಡಿದಳು, ನನ್ನನ್ನು ಕೇಳಿಯೇ ಹೋಗಿ ಸರದಿಯ ಕೊನೆಗೆ ನಿಂತಳು. ಅಲ್ಲಿ ಒಮ್ಮೆ ಕೆಮ್ಮಿದಳು. ಮಾಲಕರ ಹೆಂಡತಿ ಅವಳ ಹತ್ತಿರ ಬರದೆ, ನನಗೆ ಕೇಳುವಂತೆ ದೂರದಿಂದಲೇ ಹೇಳಿದರು.

"ಕೂಸಿನ್ನ ಒಳಗ ಕರಕೋರಿ ಟೀಚರ. ಆ ಕೆಮ್ಮು ಉಳಿದ ಹುಡುಗ್ರಿಗೆ ಹತ್ತೀತು."

ದಮ್ಮು ಅಂಟುರೋಗವಲ್ಲ. ಅದನ್ನು ತಿಳಿಸಿ ಹೇಳಬಹುದಿತ್ತು, ಕಲಿಸುವುದು ನನ್ನ ಕೆಲಸವೇ. ಆದರೆ ಮಗಳು ಸರದಿ ಬಿಟ್ಟು ತಲೆ ತಗ್ಗಿಸಿ ಬರುವುದು ಕಂಡಿತು. ನಾನು ಮೂಗು ಬಾಯಿಗೆ ಸೆರಗು ಕಟ್ಟಿಕೊಂಡು ಬೀಗ ತೆಗೆದು ಕೋಣೆಗೆ ಹೋದೆ. ಕಪಾಟಿನ ಬಾಗಿಲಿನ ತಿರುಪುಗಳು ಟೊಳ್ಳು ಕಟ್ಟಿಗೆಯಲ್ಲಿ ಹೆಸರಿಗಷ್ಟೇ ನಿಂತಿದ್ದವು. ಜಗ್ಗಿದೆ, ಬಾಗಿಲು ಕೈಗೆ ಬಂತು. ಬಿಳಿ ಪುಡಿಯನ್ನು ಒದ್ದೆ ಅರಿವೆಯಿಂದ ಪೂರ್ತಿ ಒರೆಸಿದೆ, ಮಣ್ಣಿನ ಗೆರೆಗಳನ್ನು ಹಾಗೇ ಬಿಟ್ಟೆ. ಹೊತ್ತುಕೊಂಡು ಹೋಗಿ ಹುತ್ತದ ಮುಂದೆ, ಹೂವು ಅರಳುಗಳ ನಡುವೆ, ಮಲಗಿಸಿದೆ.

ಹೆಂಗಸರು ಹಿಂದೆ ಸರಿದರು. ಮಾಲಕರು ಮನೆಯೊಳಗಿಂದ ಬಂದರು. ಹಬ್ಬದ ದಿನ ಇದೇನು ಅಂತ ಅವರು ಕೇಳುವುದರೊಳಗೆ ನಾನೇ ಹೇಳಿದೆ.

"ಇದೂ ಅದ ಹುತ್ತದ ಮಣ್ಣ ಐತ್ರಿ, ಅವ ಹುಳಾ ಕಟ್ಟಿದ್ದು. ಆ ಕಡೆ ಇದ್ರ ದೇವ್ರು, ನಮ್ಮ ಕಡೆ ಬಂದ್ರ ಹೊಲಸು ಹೆಂಗ ಆಕ್ಕೈತ್ರಿ? ಇದಕ್ಕೂ ಹಾಲ ಎರೀರಿ. ಇಲ್ಲಂದ್ರ ನಮ್ಮ ಹೊಲಸಿನಿಂದ ಬಂದೇತಿ ಅಂದ ಮಾತು ಹಿಂದ ತಗೋರಿ."

ಜೋಕಾಲಿಯ ಮೇಲಿದ್ದ ಹುಡುಗಿ ಕಾಲು ಊರಿ ನಿಲ್ಲಿಸಿದಳು. ಆಯಿ ಒಬ್ಬರೇ ಮುಂದೆ ಬಂದರು. ಮೊಣಕಾಲು ಹಿಡಿದುಕೊಂಡು ಬಗ್ಗಿ ಬಾಗಿಲಿನ ಗೆರೆಯಿಂದ ಒಂದಿಷ್ಟು ಮಣ್ಣು ಉಗುರಿನಿಂದ ಕೆದರಿದರು. ಇನ್ನೊಂದು ಕೈಯಿಂದ ಹುತ್ತದ ಮಣ್ಣು ಮುಟ್ಟಿದರು. ಎರಡನ್ನೂ ಬೆರಳಲ್ಲಿ ತಿಕ್ಕಿ ನೋಡಿದರು. ವರ್ಷಗಟ್ಟಲೆ ಆ ಮಣ್ಣಿಗೆ ಅರಿಶಿನ ಹಚ್ಚಿದ ಕೈ ಅದು.

"ಅದ ಮಣ್ಣೋ ತಮ್ಮಾ," ಅಂದರು ಮಗನಿಗೆ.

ಆಮೇಲೆ ಗೋಡೆ ನೋಡಿದರು, ತಾವು ಎರೆದ ಹಾಲು ಇಳಿದು ಗೋಡೆಯ ಬುಡ ಕಪ್ಪಾಗಿದ್ದನ್ನು ನೋಡಿದರು. ಕೈಯಲ್ಲಿದ್ದ ತಂಬಿಗೆಯನ್ನು ಆವತ್ತು ಎರೆಯದೆ ಒಳಗೆ ತಗೊಂಡು ಹೋದರು. ಉಳಿದವರೂ ಒಬ್ಬೊಬ್ಬರಾಗಿ ಹೋದರು. ಕೆಲವರು ನನ್ನನ್ನು ಬೈದುಕೊಂಡೇ ಹೋದರು.

ಆಯಿ ನಮ್ಮ ಪರ ನಿಂತರು ಅಂತ ಕತೆ ಕಟ್ಟಲಾರೆ. ಅವರು ಇವತ್ತಿಗೂ ನಮ್ಮ ಮನೆಯಲ್ಲಿ ನೀರು ಕುಡಿದಿಲ್ಲ. ಮಾಲಕರು ಆ ಮಾತನ್ನು ಬಾಯಿಬಿಟ್ಟು ಹಿಂದೆ ತಗೊಳ್ಳಲೂ ಇಲ್ಲ. ಆದರೆ ಮಣ್ಣು ನೋಡಿದವರು ಓಣಿಯ ತುಂಬ ಇದ್ದರು. ಮಾಲಕರು ಅರ್ಚಕರನ್ನು ಕರೆಸಿದರು, ಹುತ್ತದ ಬದಲಿಗೆ ಹೊಸದೊಂದು ಕಲ್ಲಿನ ನಾಗಪ್ಪನನ್ನು ಗೋಡೆಯಿಂದ ದೂರ, ಕಂಪೌಂಡಿನ ಮೂಲೆಯಲ್ಲಿ ಕೂರಿಸಿದರು. ಇನ್ನು ಹಾಲು ಅಲ್ಲಿಗೇ. ಪಾಪಕ್ಕೆ ಪರಿಹಾರ ಅಷ್ಟು ಸಲೀಸಾಗಿ ಸಿಗುವುದಿದ್ದರೆ ನನ್ನ ಮಗಳು ದವಾಖಾನೆ ಕಾಣುವ ಮೊದಲೇ ಸಿಗಬಹುದಿತ್ತು. ಒರಲೆಯ ಕೆಲಸ ಗೊತ್ತಿದ್ದವರು ಬಂದು ಹೊರಗಿನಿಂದಲೇ ಗೋಡೆಯ ಬುಡಕ್ಕೆ ತೂತು ಕೊರೆದು ಔಷಧ ಇಳಿಸಿದರು. ನಾವು ಮಗಳನ್ನು ಕರೆದುಕೊಂಡು ನನ್ನ ತವರಿಗೆ ಹೋಗಿದ್ದು, ವಾಸನೆ ಪೂರ್ತಿ ಹೋಗಿದೆ ಅಂತ ಗಂಡ ಖಾತ್ರಿ ಮಾಡಿಕೊಂಡ ಮೇಲೆ ತಿರುಗಿ ಬಂದೆವು. ಬೇಸಿಗೆಗೆ ಗೋಡೆ ಒಣಗಿತು, ಸುಣ್ಣ ಕಂಡಿತು. ಮಗಳು ಮತ್ತೆ ಆ ಕೋಣೆಯಲ್ಲಿ ಎದೆಯ ಸಪ್ಪಳವಿಲ್ಲದೆ ಮಲಗಿದ ದಿನ ನಾನು ಅತ್ತೆ, ಹಿಂದಿನ ವರ್ಷದ್ದನ್ನೂ ಸೇರಿಸಿ.

ಮುಂದಿನ ಪಂಚಮಿಗೆ ಮರಕ್ಕೆ ಮತ್ತೆ ಜೋಕಾಲಿ ಬಿತ್ತು. ಮಗಳು ಸರದಿ ನಿಂತಳು, ಅವಳ ಹಿಂದೆ ನಾನು ನಿಂತೆ. ಯಾರೂ ಏನೂ ಅನ್ನಲಿಲ್ಲ. ಅವಳು ಹಲಗೆಯ ಮೇಲೆ ಕೂರಲಿಲ್ಲ, ಎರಡೂ ಹಗ್ಗ ಹಿಡಿದು ನಿಂತುಕೊಂಡಳು. ನಾನು ತೂಗಿದೆ. ಜೋಕಾಲಿ ಮೇಲೇರಿದ ಹಾಗೆ ಅವಳು ಕೂಗತೊಡಗಿದಳು, ಎದೆಯಲ್ಲಿದ್ದ ಗಾಳಿಯನ್ನೆಲ್ಲ ಖರ್ಚು ಮಾಡಿ. ಕಟ್ಟೆಯ ಮೇಲೆ ಕೂತಿದ್ದ ಮಾಲಕರ ಹೆಂಡತಿ, ಸಾಕು ಬಿಡ್ರಿ, ಕೂಸಿಗೆ ದಮ್ಮು ಹತ್ತೀತು ಅಂದರು. ಕಾಳಜಿಯಿಂದ ಅಂದರೋ ಬೇರೆ ಯಾವುದರಿಂದಲೋ, ನಾನು ವಿಚಾರ ಮಾಡಲಿಲ್ಲ.

"ಮಮ್ಮೀ, ಇನ್ನೂ ಜೋರ ತೂಗು," ಅಂದಳು ಮಗಳು ಮೇಲಿನಿಂದ.

ನಾನು ಸೆರಗು ಸಿಕ್ಕಿಸಿಕೊಂಡು ಇನ್ನೂ ಜೋರಾಗಿ ತೂಗಿದೆ.